ಆರನೇ ಕಾಲಂನ ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಜಾಸ್ತಿ, ಜಂಬ ಅದಕ್ಕಿಂತ ಜಾಸ್ತಿ. ನನ್ನ ಸಿಟ್ಟಿನಿಂದ ಇವತ್ತಿನವರೆಗೆ ಯಾರೂ ಸತ್ತಿಲ್ಲ. ಜಂಬದ ಕತೆ ಬೇರೆ.

ಬಸ್ ಡಿಪೋ ಹಿಂದಿನ ಗಲ್ಲಿಗಳಿಗೆಲ್ಲ ಸೇರಿ ಒಂದು ಆರೋಗ್ಯ ಉಪಕೇಂದ್ರವಿತ್ತು. ಅಲ್ಲಿ ನಾನು ಹತ್ತೊಂಬತ್ತು ವರ್ಷ ನರ್ಸ್ ಆಗಿದ್ದೆ. ಎರಡೇ ಕೋಣೆ. ಮುಂದಿನದರಲ್ಲಿ ಬೆಂಚು, ಮೇಜು, ಅರ್ಧ ಕೆಜಿ ಹೆಚ್ಚು ತೋರಿಸುವ ತೂಕದ ಯಂತ್ರ. ಹಿಂದಿನದರಲ್ಲಿ ಮಂಚ, ಪರದೆ, ಲಸಿಕೆ ಇಡುವ ಫ್ರಿಜ್ಜು. ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು, ಬಂದರೆ. ಮಿಕ್ಕ ದಿನಗಳಿಗೆ ಡಾಕ್ಟರೂ ನಾನೇ, ನರ್ಸೂ ನಾನೇ, ಕಸ ಗುಡಿಸುವವಳೂ ನಾನೇ.

ಬಾಗಿಲು ತೆಗೆಯಬೇಕಾದದ್ದು ಒಂಬತ್ತಕ್ಕೆ. ನಾನು ಏಳಕ್ಕೇ ಬಿಪಿ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಗಲ್ಲಿ ಸುತ್ತಲು ಹೊರಡುತ್ತಿದ್ದೆ. ಹಾಗೆ ಸುತ್ತು ಅಂತ ಯಾರೂ ಹೇಳಿರಲಿಲ್ಲ, ಅದಕ್ಕೊಂದು ರಿಜಿಸ್ಟರೂ ಇರಲಿಲ್ಲ. ಬಸುರಿ ಹೆಂಗಸರು ಕಂಡರೆ ನಾನು ಮೊದಲು ನೋಡುತ್ತಿದ್ದದ್ದು ಹೊಟ್ಟೆಯನ್ನಲ್ಲ, ಚಪ್ಪಲಿಯನ್ನು. ಏಳು ತಿಂಗಳ ಹುಡುಗಿ ಗಂಡನ ಚಪ್ಪಲಿ ಮೆಟ್ಟಿಕೊಂಡು ನಲ್ಲಿಗೆ ಬಂದಳೆಂದರೆ ಅವಳದು ಅವಳಿಗೆ ಹಿಡಿಸುತ್ತಿಲ್ಲ, ಕಾಲು ಊದಿದೆ ಅಂತ ಅರ್ಥ. ಹಾಗಾದರೆ ಬಿಪಿ ನೋಡಲೇಬೇಕು. ಕೇಂದ್ರದ ಎದುರಿನ ದರ್ಜಿ ಅಂಗಡಿಯ ಕಟ್ಟೆ ಮೇಲೆ ಕೂರಿಸಿ, ಅಲ್ಲೇ ತೋಳಿಗೆ ಪಟ್ಟಿ ಸುತ್ತುತ್ತಿದ್ದೆ. "ಸಿಸ್ಟರ್ ಕಣ್ಣು ಯಾವಾಗ್ಲೂ ಕಾಲ ಮೇಲೇ ನೋಡಿ, ಚಪ್ಪಲಿ ಕಳ್ಳಿ ಇದ್ದ ಹಾಗೆ" ಎಂದು ದರ್ಜಿ ಹೆಂಗಸು ಹೊಲಿಗೆ ಯಂತ್ರ ತುಳಿಯುತ್ತಲೇ ನಗುತ್ತಿದ್ದಳು.

ಪ್ರತಿ ತಿಂಗಳು ಒಂದು ನಮೂನೆ ತುಂಬಿ ಮೇಲಕ್ಕೆ ಕಳಿಸಬೇಕಿತ್ತು. ಅದರ ಆರನೇ ಕಾಲಂ, 'ಗರ್ಭಿಣಿಯರಲ್ಲಿ ಎದುರಾದ ತೊಡಕುಗಳು'. ಬಸುರಿಯರ ಕಾರ್ಡಿನಲ್ಲೂ ಅದೇ ಸಾಲು. ನಾನು ಹತ್ತೊಂಬತ್ತು ವರ್ಷ ಅಲ್ಲಿ ಸೊನ್ನೆ ಬರೆದೆ. ಸುಳ್ಳು ಬರೆದೆ ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ. ಮೊದಲೇ ಕಂಡು, ಮೊದಲೇ ಹಿಡಿದು, ಸರಿ ಮಾಡಿ ಕಳಿಸಿದ್ದು ತೊಡಕು ಹೇಗಾದೀತು? ತೊಡಕು ಅಂದರೆ ಕೈ ಮೀರಿದ್ದು. ನನ್ನ ಕೈ ಮೀರಿ ಒಂದೂ ಹೋಗಿರಲಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್ ಕೂಡ ಹೀಗೇ ಬರೆಯುತ್ತಿದ್ದರು. "ಅಲ್ಲಿ ಒಂದು ಅಂತ ಬರೆದ್ರೆ, ನನ್ನ ಕೈಲಿ ಆಗ್ಲಿಲ್ಲ ಅಂತ ಬರ್ಕೊಟ್ಟ ಹಾಗೆ ಕಣೇ" ಅಂದಿದ್ದರು. ನಾನು ಆ ಮಾತನ್ನು ಕಣ್ಣಿಗೆ ಒತ್ತಿಕೊಂಡು ಇಟ್ಟುಕೊಂಡೆ.

ದರ್ಜಿಯ ಸೊಸೆಯದನ್ನೇ ತೆಗೆದುಕೊಳ್ಳಿ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಪಕ್ಕ ಕೂತು ದಿನವಿಡೀ ಅಂಗಿಗೆ ಗುಂಡಿ ಹೊಲಿಯುತ್ತಿದ್ದುದರಿಂದ ಗಲ್ಲಿಯವರು ಅವಳನ್ನು ಗುಂಡಿ ಅಂತಲೇ ಕರೆಯುತ್ತಿದ್ದರು. ಮೊದಲ ಬಸುರಿಯಲ್ಲಿ, ಎಂಟನೇ ತಿಂಗಳು, ಗಂಡನ ಕಂದು ಚಪ್ಪಲಿ ಎಳೆದುಕೊಂಡು ಬಂದಳು. ಕಟ್ಟೆ ಮೇಲೆ ಕೂರಿಸಿ ನೋಡಿದರೆ ಬಿಪಿ ನೂರಾ ಅರವತ್ತರ ಮೇಲೆ. ಬೇಕರಿಯವನ ವ್ಯಾನು ನಿಲ್ಲಿಸಿ, ಟ್ರೇಗಳನ್ನು ಅವನ ಬಾಯಿಗೆ ಹೆದರದೆ ನಾನೇ ಕೆಳಗಿಳಿಸಿ, ಅವಳನ್ನು ಮಲಗಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದೆ. ಎಂಟು ದಿನ ಅಲ್ಲೇ ಇಟ್ಟುಕೊಂಡರು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಗಟ್ಟಿ. ತಿಂಗಳ ಕೊನೆಗೆ ಅವಳ ಕಾರ್ಡಿನಲ್ಲಿ ಬರೆದೆ: ತೊಡಕು, ಸೊನ್ನೆ. ಬರೆದು ಕೆಳಗೆ ಸಹಿ ಹಾಕುವಾಗ ನನಗೆ ಎಷ್ಟು ಹೆಮ್ಮೆಯಾಗಿತ್ತು ಅಂತ ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನನ್ನ ತಮ್ಮ ಆರೋಗ್ಯ ಸೇವೆಯ ಯೋಜನಾ ವಿಭಾಗದಲ್ಲಿದ್ದಾನೆ. ಅಮ್ಮ ಹೋದಾಗ ಅವನಿಗೆ ಒಂಬತ್ತು ವರ್ಷ, ನಾನೇ ಸಾಕಿದ್ದು. ಮೂರು ವರ್ಷದ ಹಿಂದೆ ಒಂದು ಭಾನುವಾರ ಬಂದವನು, ಕೊಟ್ಟ ಚಹಾ ಕುಡಿಯದೆ, ಊಟದ ಮೇಜಿನ ಮೇಲೆ ಒಂದು ನಕ್ಷೆ ಬಿಡಿಸಿದ. ಇಡೀ ದೇಶದ ಆರೋಗ್ಯ ಸೇವೆಗೆ ಹತ್ತು ವರ್ಷದ ಯೋಜನೆ. ಕೆಂಪು, ಹಳದಿ, ಹಸಿರು ಚುಕ್ಕೆಗಳು.

"ಅಕ್ಕಾ, ನಿನ್ನ ಕೇಂದ್ರ ಹಸಿರಿಗೆ ಬಂದಿದೆ."

"ಒಳ್ಳೇದಾಯ್ತಲ್ಲ."

"ಒಳ್ಳೇದಲ್ಲ. ಕೆಂಪು ಅಂದ್ರೆ ಅಗತ್ಯ ಜಾಸ್ತಿ, ಹೊಸ ಕಟ್ಟಡ, ಹೊಸ ಜನ. ಹಸಿರು ಅಂದ್ರೆ ಅಗತ್ಯ ಇಲ್ಲ. ಮುಚ್ಚಿ ದೊಡ್ಡ ಕೇಂದ್ರಕ್ಕೆ ಸೇರಿಸ್ತಾರೆ. ಹತ್ತು ವರ್ಷದ ಸಾವು, ತೊಡಕು ಎರಡನ್ನೂ ಕೂಡಿಸಿ ಅಗತ್ಯದ ಅಂಕ ತೆಗೆದಿದೀವಿ. ನಿನ್ನದು ಸೊನ್ನೆ."

"ಅಯ್ಯೋ ಬೃಹಸ್ಪತಿಗಳಾ! ನಾನು ಇರೋದಕ್ಕೇ ಕಣೋ ಯಾರೂ ಸತ್ತಿಲ್ಲ!"

"ಅದು ನನಗೆ ಗೊತ್ತು. ಕಾಗದಕ್ಕೆ ಗೊತ್ತಿಲ್ವಲ್ಲ." ಅವನು ಚೀಲದಿಂದ ಒಂದು ತಿದ್ದುಪಡಿ ನಮೂನೆ ತೆಗೆದು ನನ್ನ ಮುಂದಿಟ್ಟ. "ನೀನು ಬಿಪಿ ಹಿಡಿದಿದ್ದು, ರಕ್ತ ಕಮ್ಮಿ ಇದ್ದಿದ್ದು, ದೊಡ್ಡಾಸ್ಪತ್ರೆಗೆ ಸಾಗಿಸಿದ್ದು, ಎಲ್ಲ ನೆನಪಿದ್ದಷ್ಟು ಬರಿ. ಶುಕ್ರವಾರದೊಳಗೆ ಕೊಟ್ರೆ ನಾನು ಒಳಗೆ ಸೇರಿಸ್ತೀನಿ. ಹಳದಿಗಾದ್ರೂ ಬರುತ್ತೆ."

ನಮೂನೆಯ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ 'ತಪ್ಪು ನಮೂದಿನ ತಿದ್ದುಪಡಿ' ಎಂದಿತ್ತು. ಕೆಳಗೆ, 'ತಪ್ಪು ನಮೂದಿಗೆ ಕಾರಣ'.

"ನಾನು ತಪ್ಪು ಬರೆದಿಲ್ಲ" ಅಂದೆ.

"ಅಕ್ಕಾ, ಇದು ಹಟ ಮಾಡೋ ಹೊತ್ತಲ್ಲ."

"ಹತ್ತೊಂಬತ್ತು ವರ್ಷ ತಪ್ಪು ಬರೆದೆ ಅಂತ ನನ್ನ ಕೈಯಾರೆ ಸಹಿ ಹಾಕ್ಲಾ? ಮುಚ್ಚಲಿ ನೋಡೋಣ! ಅಷ್ಟು ಗಂಡಸು ಯಾರಿದ್ದಾನೋ ನಾನೂ ನೋಡ್ತೀನಿ."

ಅವನು ನಕ್ಷೆ ಮಡಚಿಕೊಂಡು ಹೋದ. ಶುಕ್ರವಾರ ಬಂತು, ಹೋಯಿತು. ಫೋನು ಮಾಡಿದರೆ ನಾನು ಎತ್ತಲಿಲ್ಲ.

ಮುಚ್ಚಿದರು. ಅದಕ್ಕೆ ಯಾವ ಗಂಡಸೂ ಬೇಕಾಗಲಿಲ್ಲ, ಒಂದು ಪತ್ರ ಸಾಕಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಫ್ರಿಜ್ಜು, ಮಂಚ, ತೂಕದ ಯಂತ್ರ ಎಲ್ಲ ಒಂದೇ ಗಾಡಿಯಲ್ಲಿ ಹೋದವು. ಬೆಂಚು ಗಾಡಿಯಲ್ಲಿ ಹಿಡಿಸದೆ ಉಳಿದು ದರ್ಜಿ ಅಂಗಡಿಗೆ ಸೇರಿತು. ದರ್ಜಿ ಹೆಂಗಸು ಮನೆಮನೆ ಅಲೆದು ಮುನ್ನೂರು ಸಹಿ ಹಾಕಿಸಿ ಅರ್ಜಿ ಕೊಟ್ಟಳು. 'ತಮ್ಮ ಅರ್ಜಿ ತಲುಪಿದೆ' ಎಂದು ಉತ್ತರ ಬಂತು. ಅದನ್ನು ಅವಳು ಅಂಗಡಿಯ ಗೋಡೆಗೆ ಅಂಟಿಸಿದಳು, ನಂಬಿಕೆಯಿಂದಲೋ ಹೊಟ್ಟೆಯುರಿಯಿಂದಲೋ ತಿಳಿಯಲಿಲ್ಲ.

ನನ್ನನ್ನು ದೊಡ್ಡ ಕೇಂದ್ರಕ್ಕೆ ಹಾಕಿದರು. ಎರಡು ಬಸ್ಸು ಬದಲಿಸಬೇಕು. ಇದ್ದದ್ದನ್ನು ಹೇಳಬೇಕು, ಕಟ್ಟಡ ಚೆನ್ನಾಗಿದೆ. ಲಿಫ್ಟು, ಸ್ಕ್ಯಾನು, ನೀರು ಬರುವ ಕಕ್ಕಸು, ಎಲ್ಲ ಇದೆ. ಐವತ್ತೈದು ದಾಟಿದವರಿಗೆ ವಾರ್ಡು ಕೊಡುವುದಿಲ್ಲ ಅಂತ ನನ್ನನ್ನು ಟೋಕನ್ ಕೌಂಟರಿನಲ್ಲಿ ಕೂರಿಸಿದರು. ಎದುರಿಗೆ ಗಾಜು. ಮಾತಿಗೆ ಒಂದು ದುಂಡು ತೂತು, ಕಾರ್ಡು ತೂರಿಸಲು ಕೆಳಗೊಂದು ಸೀಳು. ಬಂದವರು ಎದೆಯಿಂದ ಮೇಲಕ್ಕೆ ಮಾತ್ರ ಕಾಣುತ್ತಾರೆ. ಹತ್ತೊಂಬತ್ತು ವರ್ಷ ಕಾಲು ನೋಡಿದವಳಿಗೆ ಇನ್ನು ಮೇಲೆ ಬರೀ ಮುಖ.

ಅಲ್ಲಿಗೆ ಹೋದ ಎರಡನೇ ವರ್ಷ ಗುಂಡಿ ಬಂದಳು, ಮತ್ತೆ ಬಸುರಿ, ಮೂರು ತಿಂಗಳು. ಗಾಜಿನಾಚೆಯಿಂದ ನನ್ನನ್ನು ಕಂಡು ಅವಳ ಮುಖ ಅರಳಿತು. ಒಳಗೆ ತೋರಿಸಿಕೊಂಡು ಹೊರಬಂದಾಗ ಅವಳ ಕೈಯಲ್ಲಿದ್ದದ್ದು ಹಸಿರು ಕಾರ್ಡು. ಹಸಿರು ಅಂದರೆ ಅಪಾಯವಿಲ್ಲದ ಬಸುರಿ, ನಾಲ್ಕು ವಾರಕ್ಕೊಮ್ಮೆ ಪರೀಕ್ಷೆ, ನಡುವೆ ಬಂದರೆ ಮಾತ್ರೆ ಮಾತ್ರ. ನಾನು ಕೌಂಟರು ಬಿಟ್ಟೆದ್ದು ಒಳಗೆ ಹೋದೆ. ಡಾಕ್ಟರಮ್ಮ ಚಿಕ್ಕವಳು, ಕೆಟ್ಟವಳಲ್ಲ.

"ಮೇಡಂ, ಈ ಹುಡುಗಿಗೆ ಹಿಂದಿನ ಸಲ ಬಿಪಿ ಏರಿತ್ತು. ಹಸಿರು ಕೊಟ್ಟಿದೀರಿ."

ಅವಳು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. "ಹಿಂದಿನ ಹೆರಿಗೆ, ತೊಡಕು ಸೊನ್ನೆ. ಸಹಿ ನಿಮ್ಮದೇ ಅಲ್ವಾ ಸಿಸ್ಟರ್?"

"ನನ್ನದೇ. ನಾನು ಬರೆಯೋ ರೀತಿ ಹಾಗೆ."

"ಬಣ್ಣ ಹಾಕೋದು ನಾನಲ್ಲ, ಇದು. ಇವತ್ತು ಬಿಪಿ ನೋಡಿದೆ, ಚೆನ್ನಾಗೇ ಇದೆ. ಮುಂದಿನ ತಿಂಗಳು ಇಲ್ಲಿ ಬೇರೆ ಡಾಕ್ಟರ್ ಇರ್ತಾರೆ, ಅವರೂ ಇದನ್ನೇ ನೋಡ್ತಾರೆ. ನೀವು ತಿದ್ದುಪಡಿ ಕೊಟ್ಬಿಡಿ, ಮಾರನೇ ದಿನವೇ ಕೆಂಪಾಗುತ್ತೆ."

ಮತ್ತೆ ಅದೇ ನಮೂನೆ. ಈ ಸಲ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿತ್ತು: ಒಂದು ನಮೂದು ತಪ್ಪೆಂದು ಕಂಡುಬಂದರೆ ಆ ನೌಕರರ ಎಲ್ಲ ನಮೂದುಗಳನ್ನೂ ಪರಿಶೀಲಿಸಲಾಗುವುದು. ತಮ್ಮನಿಗೆ ಫೋನು ಮಾಡಿದೆ.

"ಬೇಡ ಅಕ್ಕಾ" ಅಂದ ಅವನು, ದನಿ ತಗ್ಗಿಸಿ. "ಅವತ್ತು ನಿನ್ನ ಕಾಲಿಗೆ ಬೀಳೋದೊಂದು ಬಾಕಿ ಇತ್ತು, ನೀನು ಬರ್ಕೊಡಲಿಲ್ಲ. ಈಗ ಯೋಜನೆ ಅಚ್ಚಾಗಿದೆ, ಅದರಲ್ಲಿ ನನ್ನ ಹೆಸರಿದೆ. ಅಕ್ಕನ ಅಂಕಿ ಸುಳ್ಳು, ತಮ್ಮನಿಗೆ ಗೊತ್ತಿತ್ತು, ಆದ್ರೂ ಮುಚ್ಚಿದ ಅಂತಾರೆ. ನೀನೂ ಮುಳುಗ್ತೀಯಾ, ನಾನೂ ಮುಳುಗ್ತೀನಿ. ನಾಲ್ಕು ವಾರಕ್ಕೊಮ್ಮೆ ನೋಡ್ತಾರಲ್ಲ, ಸಾಕಲ್ವಾ?"

ಅವನಿಗೋಸ್ಕರ ಬಿಟ್ಟೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ಪೆನ್ನು ಹಿಡಿದು ಕೂತಿದ್ದೆ. 'ತಪ್ಪು' ಅನ್ನುವ ಮಾತಿನ ಕೆಳಗೆ ನನ್ನ ಕೈ ಓಡಲಿಲ್ಲ. ನಮೂನೆಯನ್ನು ನಾಲ್ಕಾಗಿ ಮಡಚಿ, ಹಿಂದೆ ಬಿಪಿ ಯಂತ್ರ ಇರುತ್ತಿದ್ದ ಚೀಲದೊಳಗೆ ಹಾಕಿದೆ. ಅದರ ಬದಲು ಗುಂಡಿಗೆ ಬಾಯಿಮಾತಿನಲ್ಲಿ ಹೇಳಿದೆ, "ನಾಲ್ಕು ವಾರ ಅಂತ ಕಾಯಬೇಡ ಕಣೇ. ಕಾಲು ಊದಿದ್ರೆ, ಚಪ್ಪಲಿ ಬಿಗಿಯಾದ್ರೆ, ಯಾರನ್ನೂ ಕೇಳಬೇಡ, ಸೀದಾ ನನ್ನ ಹತ್ರ ಬಾ."

ಸೀದಾ ನನ್ನ ಹತ್ತಿರವೇ ಬಂದಳು.

ಏಳನೇ ತಿಂಗಳು, ಸೋಮವಾರ. ಸೋಮವಾರ ಕೌಂಟರಿನ ಮುಂದೆ ಸಂತೆ. ಅವತ್ತು ಅವಳ ಪರೀಕ್ಷೆಯ ದಿನವಲ್ಲ. ಗಾಜಿನಾಚೆ ನಿಂತು ನಗುತ್ತಿದ್ದಳು. ಮುಖ ತುಂಬಿಕೊಂಡಿತ್ತು. ನನ್ನ ಕಡೆ ನೋಡಿ, ಬೆರಳಿನಿಂದ ಕೆಳಗೆ ತೋರಿಸಿ ಏನೋ ಅಂದಳು. ಹಿಂದೆ ಒಬ್ಬ ಗಂಡಸು ಟೋಕನ್ ಸಿಗಲಿಲ್ಲ ಅಂತ ಕಿರುಚುತ್ತಿದ್ದ, ಕೇಳಿಸಲಿಲ್ಲ. ಅವಳು ಒಂದು ಭುಜ ವಾಲಿಸಿ ಮತ್ತೆ ಕೆಳಗೆ ತೋರಿಸಿದಳು. ಮಗಳನ್ನು ಕರೆತಂದಿದ್ದಾಳೆ, ಗಾಜಿನ ಎತ್ತರಕ್ಕೆ ಮಗು ಕಾಣುತ್ತಿಲ್ಲ ಅಂದುಕೊಂಡೆ. ಒಂದು ಸಲ ಎದ್ದು ನಿಂತು ಬಗ್ಗಿದ್ದರೆ ಸಾಕಿತ್ತು. ಏಳಲಿಲ್ಲ. ನಾನೂ ನಕ್ಕು, ಕೈ ಬೀಸಿ, "ನನ್ನದೊಂದು ಮುತ್ತು ಕೊಡೇ" ಎಂದು ಕೂಗಿ, ಮಾತ್ರೆಯ ಟೋಕನ್ನು ಸೀಳಿನಲ್ಲಿ ತೂರಿಸಿದೆ. ಹಿಂದಿನವರು ಅವಳನ್ನು ಪಕ್ಕಕ್ಕೆ ತಳ್ಳಿದರು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಅವಳ ಕಾರ್ಡು ನನ್ನ ಕೌಂಟರಿಗೆ ವಾಪಸು ಬಂತು. ಸತ್ತವರ ಕಾರ್ಡಿಗೆ 'ಮುಕ್ತಾಯ' ಎಂದು ಮೊಹರು ಒತ್ತುವುದು ಕೌಂಟರಿನವರ ಕೆಲಸ. ಗುರುವಾರ ಮುಂಜಾನೆ ಮನೆಯಲ್ಲಿ ಫಿಟ್ಸ್ ಬಂದಿತ್ತಂತೆ. ಆಂಬುಲೆನ್ಸ್ ಇಪ್ಪತ್ತು ನಿಮಿಷಕ್ಕೆ ಬಂದಿತ್ತಂತೆ, ಯೋಜನೆಯಲ್ಲಿ ಹೇಳಿದ ಹಾಗೇ. ಹೊಟ್ಟೆ ಕುಯ್ದು ಮಗುವನ್ನು ಉಳಿಸಿದರು, ತಾಯಿಯನ್ನು ಆಗಲಿಲ್ಲ. ನಾನು ಆ ಹಸಿರು ಕಾರ್ಡನ್ನು ಹಿಡಿದುಕೊಂಡು ಕೂತೇ ಇದ್ದೆ. ಕಾಯುತ್ತಿದ್ದವರು ಗಾಜು ತಟ್ಟತೊಡಗಿದರು. ಮೊಹರು ಒತ್ತಿದೆ.

ಆ ಸಂಜೆ ದರ್ಜಿ ಮನೆಗೆ ಹೋದೆ. ಬೆಂಚಿನ ಮೇಲೆ ಜನ ಕೂತಿದ್ದರು, ನಮ್ಮ ಕೇಂದ್ರದ ಬೆಂಚು. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು. ಹೊಸ್ತಿಲ ಪಕ್ಕದಲ್ಲಿ ಕಂದು ಬಣ್ಣದ ದೊಡ್ಡ ಚಪ್ಪಲಿ ಕಂಡಿತು. ನಾನು ಅದನ್ನು ದಾಟಲಾರದೆ ನಿಂತುಬಿಟ್ಟೆ.

"ಹದಿನೈದು ದಿನದಿಂದ ಅದನ್ನೇ ಹಾಕ್ಕೊಂಡು ಓಡಾಡ್ತಿದ್ಲು ಸಿಸ್ಟರ್" ಅಂದಳು ದರ್ಜಿ. ಅಳು ಮುಗಿದ ಗಂಟಲು. "ನಿಮಗೆ ತೋರಿಸ್ಬೇಕು ಅಂತಲೇ ಹೊರಟ್ಲು. ಸಿಸ್ಟರ್ ಮುಂದೆ ಕಾಲು ಎತ್ತಿ ತೋರಿಸ್ದೆ ಅತ್ತೆ, ನಕ್ಕುಬಿಟ್ರು, ಏನೂ ಇರಲ್ಲ ಬಿಡಿ ಅಂದ್ಲು ಬಂದು. ನೀವು ನಕ್ರಿ ಅಂದ್ಮೇಲೆ ನಮಗೇನು ಭಯ?"

ಏನು ಹೇಳಲಿ? ನನಗೆ ಕಾಣಿಸಲಿಲ್ಲ ಅಂತಲೇ?

ಅವತ್ತು ಮನೆಗೆ ಬಂದವಳೇ ಚೀಲದಿಂದ ನಮೂನೆ ತೆಗೆದೆ. 'ತಪ್ಪು ನಮೂದಿಗೆ ಕಾರಣ' ಅನ್ನುವಲ್ಲಿ ಒಂದೇ ಪದ ಬರೆದೆ: ಜಂಬ. ಸಹಿ ಹಾಕಿ ಮಾರನೇ ದಿನ ಕೊಟ್ಟೆ. ಮೂರು ವಾರಕ್ಕೆ ಉತ್ತರ ಬಂತು: ಸಂಬಂಧಿಸಿದ ಕಾರ್ಡು ಮುಕ್ತಾಯಗೊಂಡಿರುವುದರಿಂದ ತಿದ್ದುಪಡಿಗೆ ಅವಕಾಶವಿಲ್ಲ. ನನ್ನ ಮೇಲೆ ವಿಚಾರಣೆಯೂ ಆಗಲಿಲ್ಲ. ಬೈಸಿಕೊಳ್ಳುವ ಭಾಗ್ಯವೂ ಇಲ್ಲದೆ ಹೋಯಿತು.

ನಾಲ್ಕು ತಿಂಗಳು ಕಳೆದ ಮೇಲೆ ತಮ್ಮನ ಫೋನು. ದನಿಯಲ್ಲಿ ಹುರುಪು.

"ಅಕ್ಕಾ, ಕೂತಿದೀಯಾ? ಯೋಜನೆಯ ಮೊದಲ ಪರಿಶೀಲನೆ ಮುಗೀತು. ನಿನ್ನ ಕೇಂದ್ರ ಮತ್ತೆ ತೆಗೀತಾರೆ! ಆ ಪ್ರದೇಶ ಹಸಿರಿಂದ ನೇರ ಕೆಂಪಿಗೆ ಬಂದಿದೆ. ಆದ್ಯತೆಯ ಪಟ್ಟಿ. ನಿನ್ನನ್ನೇ ಹಾಕಿಸಿದೀನಿ."

"ಎಷ್ಟು ಬೇಕಾಯ್ತೋ ಕೆಂಪಾಗೋಕೆ?"

"ಏನು?"

"ಎಷ್ಟು ಸಾವು?"

"ಸಣ್ಣ ಪ್ರದೇಶ ಅಲ್ವಾ ಅಕ್ಕಾ" ಅಂದ. "ಒಂದೇ ಸಾಕು."

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಾನು ಫೋನು ಇಟ್ಟೆ. ಹೋಗುವುದಿಲ್ಲ ಅನ್ನಬೇಕೆಂದಿತ್ತು ಬಾಯಿ. ಆದರೆ ನಾನು ಹೋಗದಿದ್ದರೆ ಆ ಗಲ್ಲಿಯ ಕಾಲು ನೋಡುವವರು ಯಾರು? ಹೋದೆ.

ಮೊದಲ ದಿನ ಅಧಿಕಾರಿಗಳು ಬಂದು, ದೂರದೃಷ್ಟಿಯ ಬಗ್ಗೆ ಭಾಷಣ ಮಾಡಿ, ಫೋಟೊ ತೆಗೆಸಿಕೊಂಡು ಹತ್ತೂವರೆಗೆಲ್ಲ ಹೋದರು. ಗೋಡೆಗೆ ಹೊಸ ಬಣ್ಣ. ತೂಕದ ಯಂತ್ರ ಮಾತ್ರ ಉಗ್ರಾಣದಿಂದ ಬಂದ ಹಳೆಯದೇ. ಜನ ಚದುರಿದ ಮೇಲೆ ದರ್ಜಿ ಹೆಂಗಸು ಮೊಮ್ಮಗುವನ್ನು ಎತ್ತಿಕೊಂಡು ಬಂದಳು. ಹಿಂದೆ ಅವಳ ಮಗ ಬೆಂಚು ಹೊತ್ತು ತಂದು ಹಳೆಯ ಜಾಗದಲ್ಲೇ ಇಟ್ಟು ಹೋದ. ಅವಳು ಅದರ ಮೇಲೆ ಕೂತಳು.

"ಒಂದು ಕೇಳ್ಲಾ ಸಿಸ್ಟರ್? ಮುನ್ನೂರು ಸಹಿಗೆ ತೆಗೀದೆ ಇದ್ದೋರು ಈಗ ಹೇಗೆ ತೆಗೆದ್ರು?"

ಸುಳ್ಳು ಹೇಳಬಹುದಿತ್ತು. ನಿಮ್ಮ ಅರ್ಜಿಯಿಂದಲೇ ಅಂದಿದ್ದರೆ ಅವಳಿಗೊಂದು ಸಮಾಧಾನವೂ ಆಗುತ್ತಿತ್ತು.

"ನಿಮ್ಮ ಸೊಸೆ ಹೋದ್ಲಲ್ಲ, ಅದಕ್ಕೆ" ಅಂದೆ. "ಒಂದು ಸಾವು ಆದ್ರೆ ಅಗತ್ಯ ಇದೆ ಅಂತ ಲೆಕ್ಕ. ಮೊದಲು ಅಗತ್ಯ ಇಲ್ಲ ಅಂತ ಆಗಿದ್ದು ನನ್ನಿಂದ. ನಾನು ಎಲ್ಲರದಕ್ಕೂ ಸೊನ್ನೆ ಬರೀತಿದ್ದೆ. ನಿಮ್ಮ ಸೊಸೆಗೆ ಮೊದಲನೇ ಸಲ ಬಿಪಿ ಏರಿದ್ದನ್ನೂ ಬರೆದಿರಲಿಲ್ಲ. ಅದಕ್ಕೇ ಅವಳಿಗೆ ಹಸಿರು ಕಾರ್ಡು ಕೊಟ್ರು. ತಿದ್ದೋಕೆ ಕಾಗದ ಕೊಟ್ಟಿದ್ರು. ನಾನು ತಿದ್ದಲಿಲ್ಲ. ಸೋಮವಾರ ಅವಳ ಕಾಲೂ ನನಗೆ ಕಾಣಲಿಲ್ಲ. ಮಗಳನ್ನ ತೋರಿಸ್ತಿದ್ದಾಳೆ ಅಂದ್ಕೊಂಡು ನಕ್ಕೆ."

ಅವಳು ಬೈಯುತ್ತಾಳೆ ಅಂದುಕೊಂಡೆ. ಕೆನ್ನೆಗೆ ಹೊಡೆದಿದ್ದರೂ ತಡೆಯುತ್ತಿರಲಿಲ್ಲ. ಅವಳು ಮಗುವನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಬದಲಿಸಿದಳು. ಎದ್ದು ಹೋಗುತ್ತಾಳೆ ಅಂದುಕೊಂಡೆ. ಹೋಗಲೂ ಇಲ್ಲ.

"ಪುಸ್ತಕ ತೆಗೀರಿ" ಅಂದಳು.

"ಯಾವ ಪುಸ್ತಕ?"

"ಯಾವುದಾದ್ರೂ ತೆಗೀರಿ. ನೀವು ಕೂರಿಸಿ ನೋಡ್ತಿದ್ದಿದ್ದು ನಮ್ಮ ಅಂಗಡಿ ಕಟ್ಟೆ ಮೇಲೆ. ನಾನು ಎದುರಿಗೇ ಕೂತು ಹೊಲೀತಿದ್ದೆ. ನನಗೆ ಎಲ್ಲ ನೆನಪಿದೆ. ನಾನು ಹೇಳ್ತೀನಿ, ನೀವು ಬರೀರಿ."

ಹೊಸ ರಿಜಿಸ್ಟರ್ ತೆಗೆದೆ. ಅವಳು ಹೇಳತೊಡಗಿದಳು. ಇಸ್ತ್ರಿಯವನ ಹೆಂಡತಿ, ತಲೆ ತಿರುಗಿ ಬಿದ್ದವಳು. ಬೇಕರಿಯವನ ತಂಗಿ, ಕಾಲು ಊದಿದವಳು. ಡಿಪೋ ಕಾವಲುಗಾರನ ಮಗಳು, ರಕ್ತ ಕಮ್ಮಿ ಅಂತ ನೀವು ಬೈದು ಕರ್ಕೊಂಡು ಹೋದವಳು. ಅವಳಿಗೆ ಅದು ಯಾರು ಯಾವ ಬಣ್ಣದ ಬಟ್ಟೆ ಹೊಲಿಸಲು ಕೊಟ್ಟ ವರ್ಷ ಅನ್ನುವುದೂ ನೆನಪಿತ್ತು. ನನ್ನ ಕೈಗೆ ಬಂದು ಉಳಿದವರು ಇಷ್ಟೊಂದು ಜನ ಅಂತ ನನಗೇ ಗೊತ್ತಿರಲಿಲ್ಲ. ಒಂದೊಂದು ಸಾಲಿಗೂ ಆರನೇ ಕಾಲಂನಲ್ಲಿ ಒಂದು, ಒಂದು, ಒಂದು ಎಂದು ಬರೆಯುತ್ತಾ ಹೋದೆ. ಮೇಲಿನವರಿಗೆ ಇದು ಬೇಕಾಗಿಲ್ಲ, ಬೇಕಾಗಿದ್ದ ದಿನ ನಾನು ಕೊಡಲಿಲ್ಲ.

ಊಟದ ಹೊತ್ತಿಗೆ ನಲವತ್ತಾಯಿತು. ಮಗು ಅವಳ ಮಡಿಲಲ್ಲೇ ನಿದ್ದೆ ಹೋಗಿತ್ತು.

"ಇನ್ನೊಂದಿದೆ" ಅಂದಳು. "ನನ್ನ ಸೊಸೆದು, ಮೊದಲನೇ ಹೆರಿಗೆ. ಬರೀರಿ."

ಬರೆದೆ. ನಲವತ್ತೊಂದು.

ಅವಳು ಬಗ್ಗಿ ಆ ಅಂಕಿಯನ್ನು ನೋಡಿದಳು. "ಎಷ್ಟು ಹೊತ್ತು ಹಿಡೀತು ಸಿಸ್ಟರ್, ಇದೊಂದು ಬರೆಯೋಕೆ?" ಎಂದು ಕೇಳಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದು ಹೋದಳು.